ಮೇಷ್ಟ್ರ ಉಸಿರಿನ ಅಳತೆ

ನಮ್ಮ ಮೇಷ್ಟ್ರು ಕೊಳಲು ನುಡಿಸುವಾಗ ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದು ಅವರಿಗಿಂತ ನನಗೆ ಚೆನ್ನಾಗಿ ಗೊತ್ತು. ಇದು ಗುರುಭಕ್ತಿಯಿಂದ ಬಂದ ಜ್ಞಾನವಲ್ಲ, ಅಣಕದಿಂದ ಬಂದದ್ದು. ಅಗ್ರಹಾರದ ಅವರ ಮನೆಯಲ್ಲಿ ಪಾಠ ಮುಗಿದು, ಅವರು ಬೀದಿಯ ಕೊನೆಯ ದೇವಸ್ಥಾನಕ್ಕೆ ಹೊರಟ ಕೂಡಲೇ ನಾನು ಅವರಾಗಿಬಿಡುತ್ತಿದ್ದೆ. ಎಡಭುಜ ಚೂರು ಮೇಲೆ, ಕಣ್ಣು ಅರ್ಧ ಮುಚ್ಚಿ, ಸಾಲು ಮುಗಿಯುವ ಮುಂಚೆ ಮೂಗಿನಲ್ಲಿ ಸಣ್ಣದೊಂದು ಸದ್ದು. ನಾದವೂ ಅವರದ್ದೇ. ಅವರ ಪತ್ನಿಯನ್ನು ನಾವೆಲ್ಲ ಅಮ್ಮ ಎನ್ನುತ್ತೇವೆ. ಅವರು ಆ ನಾದ ಕೇಳಿ ಅಡುಗೆಮನೆಯಿಂದ, ಇನ್ನೂ ಹೋಗಿಲ್ವಾ ನೀವು ಎಂದು ನನ್ನನ್ನು ಗದರಿಸಿದ್ದೂ ಉಂಟು. ಅದು ಮೇಷ್ಟ್ರ ಕಿವಿಗೂ ಬಿದ್ದಿತ್ತು.

ನನ್ನ ಅಣಕದಿಂದ ನಾನೂ ತಪ್ಪಿಸಿಕೊಂಡಿಲ್ಲ. ಚಪ್ಪಾಳೆ ಬಿದ್ದಾಗ ಬೇಡ ಬೇಡ ಎಂಬಂತೆ ಕತ್ತು ಬಗ್ಗಿಸಿ, ಇನ್ನೂ ನಾಲ್ಕು ಬೀಳಲಿ ಎಂದು ಕಾಯುವ ಯುವ ಕಲಾವಿದನೊಬ್ಬನಿದ್ದಾನಲ್ಲ, ಆ ಪಾತ್ರವನ್ನು ನಾನು ಕನ್ನಡಿ ನೋಡಿ ಕಲಿತೆ. ನಾನೇ ರಾಗ ಕೂಡಿಸಿ ರಚನೆಗಳನ್ನೂ ಮಾಡುತ್ತೇನೆ. ಅದಕ್ಕೆ ಶಾಸ್ತ್ರದಲ್ಲಿ ದೊಡ್ಡ ಹೆಸರಿದೆ. ನಮ್ಮ ಮನೆಯಲ್ಲಿ ಮಾತ್ರ, ಏನೋ ಬರ್ಕೋತಾ ಕೂತಿರ್ತಾನೆ ಎನ್ನುತ್ತಾರೆ.

ನ್ಯುಮೋನಿಯಾ ಬಂದು ಹೋದ ಮೇಲೆ ಮೇಷ್ಟ್ರ ಉಸಿರು ಕುಗ್ಗಿತು. ಒಂದು ಕಛೇರಿಯಲ್ಲಿ ಉದ್ದನೆಯ ಸಾಲೊಂದು ನಡುವೆಯೇ ಕಡಿದುಹೋಯಿತು. ಸಭಿಕರು ಗಮನಿಸದಂತೆ ನಟಿಸಿದರು. ಆ ನಟನೆಯೇ ಅವರಿಗೆ ನಾಟಿತೆಂದು ಕಾಣುತ್ತದೆ. ಅಂದಿನಿಂದ ವೇದಿಕೆ ಹತ್ತಲಿಲ್ಲ. ಪಾಠ ಹೇಳುವಾಗಲೂ ಸಾಲನ್ನು ತುಂಡು ತುಂಡಾಗಿ ನುಡಿಸಿ ತೋರಿಸುತ್ತಿದ್ದರು. ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಶುರುಮಾಡುತ್ತಾರೆ, ಅರ್ಧಕ್ಕೇ ನಿಲ್ಲಿಸುತ್ತಾರೆ ಎಂದು ಅಮ್ಮ ನನಗೊಮ್ಮೆ ಹೇಳಿದರು. ಒಂಟಿಕೊಪ್ಪಲಿನ ರಾಮನವಮಿಯ ಚಪ್ಪರದಲ್ಲಿ ಅವರು ವರ್ಷವೂ ನುಡಿಸುತ್ತಿದ್ದರು. ಈ ಸಲ ಕರೆಯಲು ಬಂದವರಿಗೆ, ನನ್ನ ಶಿಷ್ಯನನ್ನು ಕೂರಿಸಿಕೊಳ್ಳಿ ಎಂದುಬಿಟ್ಟರು. ಶಿಷ್ಯ ಎಂದರೆ ನಾನು. ನನಗೆ ಖುಷಿಯಾಯಿತು. ಆ ಖುಷಿ ಸ್ಕೂಟರಿನಲ್ಲಿ ರಾಮಕೃಷ್ಣನಗರದ ಮನೆ ಮುಟ್ಟುವ ತನಕ ಇತ್ತು. ನಾನು ಹೋಗಿ ಕೂತರೆ ಮುಂದೆ ಅವರನ್ನು ಯಾರೂ ಕರೆಯುವುದಿಲ್ಲ ಎಂಬುದು ಗಾಡಿ ನಿಲ್ಲಿಸುವಾಗ ಹೊಳೆಯಿತು.

ಆಗ ನಾಟಕುರಂಜಿ ರಾಗದಲ್ಲಿ ಒಂದು ರಚನೆ ಬರೆದೆ. ದರ್ಜಿ ಅಳತೆ ತೆಗೆದು ಅಂಗಿ ಹೊಲಿಯುವಂತೆ ಅವರ ಈಗಿನ ಉಸಿರಿಗೆ ಸರಿಯಾಗಿ ಹೊಲಿದೆ. ಉಸಿರು ಬೇಕಾಗುವ ಕಡೆಯಲ್ಲೆಲ್ಲ ಸಾಲು ನಿಲ್ಲುತ್ತದೆ, ಆ ಬಿಡುವಿನಲ್ಲಿ ಮೃದಂಗ ಮಾತಾಡುತ್ತದೆ. ಕೇಳುವವರಿಗೆ ಅದು ರಚನೆಯ ಸೊಗಸು, ನುಡಿಸುವವರಿಗೆ ಗಾಳಿ. ಬಹಳ ಜಾಣ ನಾನು ಎಂದುಕೊಂಡೆ.

ಪಾಠದ ದಿನ ಅದನ್ನು ನುಡಿಸಿ ಕೇಳಿಸಿದೆ. ಮೇಷ್ಟ್ರು ತೊಡೆಯ ಮೇಲೆ ತಾಳ ಹಾಕುತ್ತಿದ್ದವರು ಮಧ್ಯದಲ್ಲಿ ಕೈ ನಿಲ್ಲಿಸಿದರು.

"ಇದು ನನ್ನ ಉಸಿರು ಕಣೋ," ಎಂದರು. "ಅಣಕಿಸೋಕೆ ಇದೂ ಬೇಕಿತ್ತಾ ನಿಂಗೆ?"

ಎಲ್ಲರನ್ನೂ ನಗಿಸಿಕೊಂಡು ಬಂದವನ ಪಾಡು ಇದು. ಅವನು ಗಂಭೀರವಾಗಿ ಏನಾದರೂ ಮಾಡಿದರೆ ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ಯಾರಿಗೂ ತಿಳಿಯುವುದಿಲ್ಲ.

"ನಾನು ನುಡಿಸೋಕೆ ಬರೀಲಿಲ್ಲ ಮೇಷ್ಟ್ರೇ. ನೀವು ನುಡಿಸ್ಲಿ ಅಂತ ಬರೆದೆ."

ಅವರು, ಹೊತ್ತಾಯಿತು, ಹೋಗು ಎಂದರು. ಮುಂದಿನ ಪಾಠಕ್ಕೆ ಅಳುಕುತ್ತಲೇ ಹೋದರೆ ಕೊಳಲು ಕೈಯಲ್ಲಿಟ್ಟುಕೊಂಡೇ ಕೂತಿದ್ದರು. ಎರಡನೆಯ ಸಾಲಿನಲ್ಲಿ ನಿಷಾದ ಸ್ವರಕ್ಕೆ ಅವಸರವಾಯಿತು, ರಾಗ ಕೂತುಕೊಳ್ಳಲು ಜಾಗ ಬೇಡವೇ ಎಂದು ಬೈದರು. ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನ್ನ ಜೀವಮಾನದಲ್ಲಿಲ್ಲ. ರಾಮನವಮಿಗೆ ತಾವೇ ನುಡಿಸುವುದಾಗಿ ಹೇಳಿಕಳಿಸಿದರು. ಪಕ್ಕದಲ್ಲಿ ಇನ್ನೊಂದು ಕೊಳಲು ಹಿಡಿದು ನಾನಿರಬೇಕು, ಶಿಷ್ಯರು ಇರುವಂತೆ.

ನನ್ನ ಲೆಕ್ಕದಲ್ಲಿ ಒಂದು ತಪ್ಪಿತ್ತು. ನಾನು ಅಳತೆ ತೆಗೆದದ್ದು ಮನೆಯಲ್ಲಿ. ಚಪ್ಪರದಲ್ಲಿ ಮೇಷ್ಟ್ರು ಕಣ್ಣು ಮುಚ್ಚಿ, ಆ ರಚನೆಯನ್ನು ಅಭ್ಯಾಸದಲ್ಲಿ ನುಡಿಸಿದ್ದಕ್ಕಿಂತ ಒಂದೆಳೆ ನಿಧಾನವಾಗಿ ಎತ್ತಿಕೊಂಡರು. ಹೆದರಿ ಅಲ್ಲ, ರಾಗ ಆ ನಡೆಯನ್ನು ಕೇಳುತ್ತಿತ್ತು, ಅವರು ಕೊಟ್ಟರು. ಆದರೆ ನಡೆ ನಿಧಾನವಾದರೆ ನಾನು ಇಟ್ಟ ಬಿಡುವುಗಳು ದೂರ ದೂರ ಹೋಗುತ್ತವೆ. ಮೊದಲ ಸಾಲು ಹೇಗೋ ದಡ ಸೇರಿತು. ಎರಡನೆಯದರಲ್ಲಿ ಬಿಡುವು ಇನ್ನೂ ಅಷ್ಟು ದೂರವಿರುವಾಗಲೇ ಎಡಭುಜ ಮೇಲೆದ್ದಿತು. ಮೂಗಿನ ಆ ಸಣ್ಣ ಸದ್ದು ಕೇಳಿಸಿತು. ಅವರ ನಾದ ನಿಲ್ಲುವ ಕಡೆ ನಾನು ಹಿಡಿದೆ, ಅವರ ನಾದದಲ್ಲೇ, ಅವರ ಗಮಕದಲ್ಲೇ. ಉಸಿರು ತುಂಬಿಕೊಂಡು ಅವರು ಸೇರಿಕೊಂಡರು. ಮತ್ತೆ ಬಿಟ್ಟರು, ಮತ್ತೆ ಹಿಡಿದೆ. ಮೃದಂಗದವರು ಒಮ್ಮೆ ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿ ತಮ್ಮ ನುಡಿಕೆ ಮುಂದುವರಿಸಿದರು.

ಬೇರೆ ಯಾರಿಗೂ ತಿಳಿಯಲಿಲ್ಲ. ಕಛೇರಿ ಮುಗಿದ ಮೇಲೆ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ಬಂದು, "ಉಸಿರು ವಾಪಸ್ ಬಂದ್ಬುಟ್ಟಿದೆ ಬುಡಿ, ಇನ್ನೇನು ಯೋಚ್ನೆ," ಎಂದು ಮೇಷ್ಟ್ರ ಕೈ ಹಿಡಿದುಕೊಂಡರು. ನಾನು ಎಂದಿನಂತೆ ಕತ್ತು ಬಗ್ಗಿಸಿ ನಿಂತಿದ್ದೆ.

ಚಪ್ಪರದ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೇಷ್ಟ್ರು ಪಾನಕ ಕುಡಿದರು. ಅಮ್ಮ ಕೊಳಲುಗಳನ್ನು ಒರೆಸಿ ಚೀಲಕ್ಕೆ ಇಡುತ್ತಿದ್ದರು.

"ನಾನು ಬಿಟ್ಟ ಕಡೆಯೆಲ್ಲ ನನ್ನ ತರಾನೇ ಊದ್ದೆಯಲ್ಲ, ಯಾಕೆ?" ಎಂದು ಕೇಳಿದರು.

"ಜನಕ್ಕೆ ಗೊತ್ತಾಗ್ಬಾರ್ದು ಅಂತ."

"ಜನದ ಮಾತು ಬಿಡು. ನಂಗೆ ಗಾಬರಿ ಆಯ್ತು ಕಣೋ. ಉಸಿರು ನಿಂತ್ಹೋಗಿದೆ, ನನ್ನ ಕೊಳಲು ಮಾತ್ರ ಹಾಗೇ ನುಡೀತಾ ಇದೆ. ನಾನು ಇಲ್ದೇನೂ ನಡೆಯುತ್ತೆ ಅನ್ನೋ ಹಾಗೆ." ಲೋಟ ಕೆಳಗಿಟ್ಟರು. "ಮುಂದಿನ ಸಲ ನಿನ್ನ ತರ ಊದು. ಪಕ್ಕದಲ್ಲಿ ಒಬ್ಬ ಇದಾನೆ ಅಂತ ನಂಗೆ ಗೊತ್ತಾಗ್ಲಿ."

ಮುಂದಿನ ಸಲ ಎಂದಾಗ ಅಮ್ಮನ ಕೈ ಚೀಲದ ಮೇಲೆ ನಿಂತಿತು. ಅವರು ತಲೆ ಎತ್ತಿ ನೋಡಲಿಲ್ಲ. ನನ್ನ ತರ ಎಂದರೆ ಯಾವ ತರ ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ.

ಈಗ ಅದೇ ರಚನೆಗೆ ಎರಡನೆಯ ಕೊಳಲಿನ ಸಾಲುಗಳನ್ನು ಬರೆಯುತ್ತಿದ್ದೇನೆ. ಬರೆದು ನುಡಿಸಿದರೆ ಒಂದರಲ್ಲಿ ಮೇಷ್ಟ್ರು ಇಣುಕುತ್ತಾರೆ, ಇನ್ನೊಂದರಲ್ಲಿ ರೇಡಿಯೊದಲ್ಲಿ ಕೇಳಿದ ಇನ್ಯಾರೋ. ಅವರನ್ನೆಲ್ಲ ಹೊರಗೆ ಕಳಿಸುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಒಂದೆರಡು ಸಾಲು ಮಾತ್ರ ಯಾರ ಹಾಗೂ ಇಲ್ಲದೆ ಬಂದಿವೆ. ಚೆನ್ನಾಗಿವೆಯೋ ಇಲ್ಲವೋ ಹೇಳಲಾರೆ. ಗುರುವಾರ ಪಾಠವಿದೆ, ಕೇಳಿಸಬೇಕು.