ಕೆಮ್ಮಣ್ಣಿನ ಕೆಳಗಿನ ಗೆರೆ

ತ್ಯಾಮಗೊಂಡ್ಲು ಸುತ್ತಮುತ್ತ ಯಾರಿಗೆ ಸರ್ಪಸುತ್ತು ಎದ್ದರೂ ಮೊದಲು ನೆನಪಾಗುತ್ತಿದ್ದದ್ದು ರಾಮಾಂಜಿನಪ್ಪ. ಕೆಮ್ಮಣ್ಣು ಕಲಸಿ, ಗುಳ್ಳೆ ಎದ್ದ ಜಾಗದ ಮೇಲೆ ಹಾವಿನ ಚಿತ್ರ ಬರೆದು, ಬಾಯೊಳಗೇ ಮಂತ್ರ ಗೊಣಗಿ ಕಳಿಸುತ್ತಿದ್ದ. ಎಲೆ ಅಡಿಕೆ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಎರಡು ಮೂರು ವಾರಕ್ಕೆ ಗುಳ್ಳೆ ಒಣಗುತ್ತಿದ್ದವು. ತಾವಾಗಿಯೇ ಒಣಗುವ ಗುಳ್ಳೆಗಳು ಅವು, ಹೆಸರು ಮಾತ್ರ ಇವನಿಗೆ. ಮದುವೆ ಮನೆಗೆ ಹೋದರೆ ಯಾರಾದರೂ ಎದ್ದು ಕುರ್ಚಿ ಬಿಟ್ಟುಕೊಡುವಷ್ಟು ಹೆಸರು. ಅರವತ್ತನಾಲ್ಕರ ಮನುಷ್ಯ ಅದನ್ನು ಬೇಡ ಅನ್ನುತ್ತಾನೆಯೇ?

ಮೊನ್ನೆ ಆಷಾಢದಲ್ಲಿ ಕಾಯಿಲೆ ಅವನ ಮನೆಗೇ ಬಂತು. ಸೊಸೆ ಮಮತಳಿಗೆ ಸೋಂಪುರದ ಫ್ಯಾಕ್ಟರಿಯಲ್ಲಿ ತಗಡು ಗೀರಿ ಹೆಬ್ಬೆರಳಿಗೆ ಸಣ್ಣ ಗಾಯವಾಗಿತ್ತು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಮಣಿಕಟ್ಟಿನಿಂದ ಮೊಣಕೈ ಕಡೆಗೆ ಕೆಂಪು ಗೆರೆ, ದಾರ ಎಳೆದ ಹಾಗೆ. ಮೈಯಲ್ಲಿ ನಡುಕ. ಆಸ್ಪತ್ರೆಗೆ ಹೋಗಿಬರುತ್ತೇನೆ ಎಂದು ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದಳು. ಇವನು ತಡೆದ. ಗುಳ್ಳೆಯೇ ಇಲ್ಲವಲ್ಲ ಎಂದು ಅವನಿಗೂ ಅನ್ನಿಸದೆ ಇರಲಿಲ್ಲ. ಆದರೆ ಊರಿಗೆಲ್ಲ ಬರೆಯುವವನ ಸೊಸೆಯೇ ಸೂಜಿ ಚುಚ್ಚಿಸಿಕೊಂಡು ಬಂದರೆ ಜನ ಏನಂದಾರು? ಹಾವು ಮೇಲಕ್ಕೆ ಹತ್ತುತ್ತಿದೆ, ತಲೆ ಬಾಲ ಸೇರಿದರೆ ಪ್ರಾಣಕ್ಕೇ ಸಂಚಕಾರ ಎಂದು ಹೆದರಿಸಿ ಅವಳನ್ನು ಕೂರಿಸಿದ. ಗೆರೆಯ ಉದ್ದಕ್ಕೂ ದಪ್ಪಗೆ ಕೆಮ್ಮಣ್ಣು ಬಳಿದ. ಆಮೇಲೆ ಗೆರೆ ಎಲ್ಲಿಯವರೆಗೆ ಹೋಯಿತೆಂದು ಯಾರಿಗೂ ಕಾಣಲಿಲ್ಲ.

ಮಾರನೇ ದಿನ ಮಧ್ಯಾಹ್ನಕ್ಕೆ ಅವಳು ಜ್ವರದಲ್ಲಿ ಬಡಬಡಿಸತೊಡಗಿದಳು. ಕಂಕುಳಲ್ಲಿ ನಿಂಬೆಕಾಯಿ ಗಾತ್ರದ ಗಡ್ಡೆ. ಮಗ ರಾಜೇಂದ್ರ ಕೆಲಸದಿಂದ ಓಡಿಬಂದು, ಅಪ್ಪನ ಮುಖವನ್ನೂ ನೋಡದೆ, ಹೆಂಡತಿಯನ್ನು ಕಾರಿಗೆ ಹಾಕಿಕೊಂಡು ನೆಲಮಂಗಲಕ್ಕೆ ಹೊರಟ. ಕರೆಯದಿದ್ದರೂ ರಾಮಾಂಜಿನಪ್ಪ ಹತ್ತಿ ಕುಳಿತ.

ಡಾಕ್ಟರಮ್ಮ ಸಿಂಚನ ಮೊದಲು ಕೈ ತೊಳೆಸಿದರು. ಮಣ್ಣಿನ ಕೆಳಗೆ ಗೆರೆ ತೋಳಿನ ಅರ್ಧ ದಾಟಿತ್ತು. ಅದರ ತುದಿಗೆ ಪೆನ್ನಿನಲ್ಲಿ ಗುರುತು ಹಾಕಿದರು. ಔಷಧಿ ಬಿದ್ದ ಮೇಲೆ ಹತ್ತುತ್ತದೋ ಇಳಿಯುತ್ತದೋ ನೋಡಬೇಕಂತೆ. ಈ ಮಣ್ಣು ಬಳಿದದ್ದು ಯಾರು ಎಂದು ಕೇಳಿದಾಗ ರಾಮಾಂಜಿನಪ್ಪ ನೆಲ ನೋಡಿದ. ನಾನೇ ಹಚ್ಚಿಕೊಂಡೆ ಎಂದಳು ಮಮತ, ಕಣ್ಣು ಮುಚ್ಚಿಕೊಂಡೇ. ಡಾಕ್ಟರಮ್ಮ ಅವಳಿಗೆ ಚೆನ್ನಾಗಿ ಬೈದರು. ಅಷ್ಟನ್ನೂ ಇವನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡ, ತುಟಿ ಬಿಚ್ಚಲಿಲ್ಲ. ಥೂ, ಎಂಥ ಹಿರಿಯ!

ಎರಡು ದಿನಕ್ಕೆ ಗೆರೆ ಪೆನ್ನಿನ ಗುರುತಿನಿಂದ ಕೆಳಗಿಳಿಯಿತು. ಜೀವಕ್ಕೇನೂ ಭಯವಿಲ್ಲ ಅಂದರು. ಆಗ ರಾಮಾಂಜಿನಪ್ಪ ಡಾಕ್ಟರಮ್ಮನ ಹಿಂದೆಯೇ ಹೋಗಿ ಅದು ಏನು ಕಾಯಿಲೆ ಎಂದು ಕೇಳಿದ. ಲಿಂಫಾಂಜೈಟಿಸ್ ಎಂದರು. ಇವನ ಮುಖ ನೋಡಿ ಬಿಡಿಸಿ ಹೇಳಿದರು: ರಕ್ತನಾಳ ಇದ್ದ ಹಾಗೆಯೇ ನೀರಿನಂಥ ರಸ ಹರಿಯುವ ಬೇರೆ ಸಣ್ಣ ನಾಳಗಳೂ ಮೈಯಲ್ಲಿವೆ, ಗಾಯದಿಂದ ಕ್ರಿಮಿ ಹೊಕ್ಕು ಅವು ಉರಿದು ಊದಿಕೊಂಡರೆ ಹೀಗಾಗುತ್ತದೆ.

"ಗುಳ್ಳೆ ಇರಲ್ಲ ಯಜಮಾನ್ರೇ. ಗಾಯದಿಂದ ಮೇಲಕ್ಕೆ ಕೆಂಪು ಗೆರೆ, ಜೊತೆಗೆ ಚಳಿಜ್ವರ. ಬೇಗ ಬಂದ್ರೆ ಔಷಧೀಲಿ ಹೋಗುತ್ತೆ. ಬಿಟ್ರೆ ನಂಜು ರಕ್ತಕ್ಕೆ ಸೇರುತ್ತೆ."

ಅಲ್ಲೇ ಬೆಂಚಿನ ಮೇಲೆ ಕುಳಿತ ಅವನ ಕಣ್ಣ ಮುಂದೆ ಬಂದದ್ದು ಮಮತಳ ಕೈಯಲ್ಲ, ಸೊಣ್ಣಮ್ಮನ ಕಾಲು. ಗೆಳೆಯ ಮುನಿರಾಮಯ್ಯನ ಹೆಂಡತಿ. ಎಂಟು ವರ್ಷದ ಹಿಂದೆ ಹಿಮ್ಮಡಿಗೆ ಜಾಲಿಮುಳ್ಳು ಚುಚ್ಚಿ, ಮೀನಖಂಡದ ಮೇಲೆ ಕೆಂಪು ಗೆರೆ ಹತ್ತಿತ್ತು. ಒಂದು ಗುಳ್ಳೆಯೂ ಇರಲಿಲ್ಲ. ಇವನು ಎರಡು ಸಲ ಬರೆದ. ಐದನೇ ದಿನ ಅವಳು ಹೋದಳು. ಹೆಣದ ಮುಂದೆ ಜನ ತನ್ನ ಕಡೆ ನೋಡಿದಾಗ ಇವನೇ ಮುನಿರಾಮಯ್ಯನಿಗೆ ಹೇಳಿದ್ದ, ಒಂದು ದಿನ ಮುಂಚೆ ಕರೆದುಕೊಂಡು ಬಂದಿದ್ದರೆ ಉಳಿಸುತ್ತಿದ್ದೆ ಎಂದು. ಆ ಮಾತು ನೆನಪಾಗಿ ರಾಮಾಂಜಿನಪ್ಪನಿಗೆ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಮಮತ ಮನೆಗೆ ಬಂದ ಭಾನುವಾರ ಮುನಿರಾಮಯ್ಯನೇ ಎಳನೀರು ಹಿಡಿದುಕೊಂಡು ನೋಡಲು ಬಂದ. ಮಾವ ಮೊದಲೇ ಬರೆದಿದ್ದಕ್ಕೆ ಆಸ್ಪತ್ರೆ ಔಷಧಿ ಹಿಡಿಯಿತು ಎಂದು ಊರಲ್ಲಿ ಮಾತಾಗಿತ್ತು. ಅವನೂ ಅದನ್ನೇ ನಂಬಿದ್ದ.

"ನಿನ್ನ ಸೊಸೆ ಪುಣ್ಯವಂತೆ ಕಣೋ, ಕಂಡ ತಕ್ಷಣ ನಿನ್ನ ಕೈ ಬಿತ್ತು," ಎಂದ. "ನಾನು ಪಾಪಿ. ಆ ಒಂದು ದಿನ ತೋಟಕ್ಕೆ ನೀರು ಬಿಡೋಕೆ ಹೋಗ್ಬಿಟ್ಟೆ. ಸೊಣ್ಣಮ್ಮನ್ನ ನಾನೇ ಕೊಂದೆ."

ಮಮತ ಮಾವನ ಕಡೆ ನೋಡಿದಳು. ಅವಳು ಈ ಸಲವೂ ಬಾಯಿ ಬಿಡುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ಸುಮ್ಮನಿದ್ದರೆ ಹೆಸರು ಉಳಿಯುತ್ತಿತ್ತು.

"ನೀನಲ್ಲ ಮುನಿರಾಮ, ನಾನು," ಎಂದ. "ಅವಳಿಗಿದ್ದದ್ದು ಸರ್ಪಸುತ್ತೇ ಅಲ್ಲ. ಇವಳಿಗೆ ಬಂದದ್ದೇ ಅವಳಿಗೂ ಬಂದಿತ್ತು. ನಂಗೆ ತಿಳೀಲಿಲ್ಲ. ತಪ್ಪನ್ನ ನಿನ್ನ ತಲೆಗೆ ಕಟ್ಟಿ ನಾನು ತಪ್ಪಿಸಿಕೊಂಡೆ."

ಮುನಿರಾಮಯ್ಯ ಎದ್ದು ಚಪ್ಪಲಿ ಮೆಟ್ಟಿಕೊಂಡ. ಬಾಗಿಲ ಹತ್ತಿರ ನಿಂತು, ಇತ್ತ ತಿರುಗದೆಯೇ ಹೇಳಿದ.

"ನೀನು ಎರಡನೇ ಸಲ ಬರೆದ ದಿನ ಆಸ್ಪತ್ರೆಗೆ ಅಂತ ಆಟೋ ಕರೆಸಿದ್ದೆ ಕಣೋ. ವಾಪಸ್ ಕಳಿಸು ಅಂದೋನು ನೀನು."

ರಾಮಾಂಜಿನಪ್ಪನಿಗೆ ಅದು ನೆನಪೇ ಇರಲಿಲ್ಲ.