ಎಡಗೈಯವರ ಜಪಾನೀ ಚಮಚ

ಸೌಟಿಗೆ ಎಡ, ಬಲ ಎಂಬ ಭೇದವಿಲ್ಲವೆಂದು ನೀವು ನಂಬಿದ್ದರೆ ತಪ್ಪೇನಿಲ್ಲ. ಮೊನ್ನೆ ಮೊನ್ನೆಯವರೆಗೆ ನಾನೂ ಹಾಗೆಯೇ ನಂಬಿದ್ದೆ. ನಮ್ಮ ಮನೆಯ ದುಂಡನೆಯ ಸ್ಟೀಲ್ ಸೌಟು ಯಾವ ಕೈಯಲ್ಲಿ ಹಿಡಿದರೂ ಅಷ್ಟೇ ಸಾರನ್ನು ಎತ್ತಿ, ಅಷ್ಟೇ ನಿಷ್ಪಕ್ಷಪಾತವಾಗಿ ಸುರಿಯುತ್ತದೆ. ಪಕ್ಷಪಾತವೇನಿದ್ದರೂ ಅದು ಬಡಿಸಿಕೊಳ್ಳುವವರದು. ನಾನು ಜನ್ಮತಃ ಎಡಚ. ಉಣ್ಣುವುದು, ಬರೆಯುವುದು, ದೇವರಿಗೆ ಆರತಿ ಎತ್ತುವುದು ಇತ್ಯಾದಿ ಖಾತೆಗಳೆಲ್ಲ ಬಾಲ್ಯದಲ್ಲೇ ಬಲಗೈಗೆ ವರ್ಗವಾದರೂ, ತುಂಬಿದ ಸೌಟನ್ನು ಮಾತ್ರ ಆ ಕೈ ಇಂದಿಗೂ ಕ್ಷೇಮವಾಗಿ ತಟ್ಟೆ ಮುಟ್ಟಿಸಿದ್ದಿಲ್ಲ.

ಹಲಸೂರಿನಲ್ಲಿ ನನ್ನನ್ನು ಸಾಕಿ ಬೆಳೆಸಿದ ದೊಡ್ಡಮ್ಮನ ಪ್ರಕಾರ ಎಡಗೈಯಲ್ಲಿ ಬಡಿಸುವುದೆಂದರೆ ಉಣ್ಣಲು ಕೂತವರಿಗೆ ಮಾಡುವ ಅವಮಾನ. "ನಿಂದು ಬಡಿಸೋ ಕೈಯಲ್ಲ ಕಣೋ, ಕೂತ್ಕೊಂಡು ಉಣ್ಣು, ಸಾಕು" ಎಂದು ಸೌಟು ಕಿತ್ತುಕೊಳ್ಳುತ್ತಿದ್ದಳು. ಈ ಬಹಿಷ್ಕಾರವನ್ನು ನಾನು ಸಾವಕಾಶವಾಗಿ ಸವಲತ್ತನ್ನಾಗಿ ಮಾರ್ಪಡಿಸಿಕೊಂಡೆ. ಗೃಹಪ್ರವೇಶ, ನಾಮಕರಣಗಳಲ್ಲಿ ನನ್ನ ವಯಸ್ಸಿನವರೆಲ್ಲ ಪಂಚೆ ಎತ್ತಿ ಕಟ್ಟಿ ಹುಳಿಯ ಬಕೆಟ್ಟು ಹೊತ್ತು ಓಡಾಡುತ್ತಿದ್ದರೆ, ನಾನು ಮೊದಲ ಪಂಕ್ತಿಯಲ್ಲೇ ವಿರಾಜಮಾನನಾಗಿ, ಎಲೆಗೆ ನೀರು ಚಿಮುಕಿಸಿ, ಅವರ ದಾರಿ ಕಾಯುತ್ತಿದ್ದೆ. ಮದುವೆಯಾದ ಮೇಲೂ ಈ ವಿನಾಯಿತಿ ಊರ್ಜಿತವಾಗಿಯೇ ಇತ್ತು. ಇದರಲ್ಲಿ ಅಂಗವೈಚಿತ್ರ್ಯಕ್ಕಿಂತ ಸೋಮಾರಿತನವೇ ಹೆಚ್ಚೆಂಬುದು ನನ್ನ ಹೆಂಡತಿ ಸುಮತಿಯ ಖಚಿತ ಅಭಿಪ್ರಾಯ.

ಆದರೂ ನಿಮ್ಮಲ್ಲಿ ಮುಚ್ಚಿಡುವುದೇಕೆ? ಅಷ್ಟು ವರ್ಷ ನನಗೆ ಬಡಿಸಿದ ದೊಡ್ಡಮ್ಮನಿಗೆ ಒಂದು ಹೊತ್ತಾದರೂ ನಾನೇ ಬಡಿಸಬೇಕು, ಅವಳು ಬೇಡವೆನ್ನದೆ ಉಣ್ಣಬೇಕು ಎಂಬ ಆಸೆ ನನ್ನಲ್ಲಿ ಇದ್ದೇ ಇತ್ತು. ಕೇಳಲು ಮಾತ್ರ ಧೈರ್ಯವಿರಲಿಲ್ಲ.

ಹೀಗಿರುವಾಗ ಇಂದಿರಾನಗರದಲ್ಲಿ ಸುಮತಿ ಕನ್ನಡಕದಂಗಡಿ ಹೊಕ್ಕಿದ್ದಳು; ನಾನು ಹೊತ್ತು ಕಳೆಯಲು ಪಕ್ಕದ ಜಪಾನೀ ಪಾತ್ರೆಗಳ ಅಂಗಡಿಗೆ ನುಗ್ಗಿದೆ. ಕೈಯಲ್ಲೇ ಕೆತ್ತಿದ ಮರದ ಚಮಚಗಳು ಸಾಲಾಗಿದ್ದವು. ಒಂದನ್ನು ಎತ್ತಿಕೊಂಡು ಗಾಳಿಯಲ್ಲೇ ಕಾಲ್ಪನಿಕ ಉಪ್ಪಿಟ್ಟು ಕೆದಕುತ್ತಿದ್ದ ನನ್ನನ್ನು ಕಂಡು ಅಂಗಡಿಯ ಹುಡುಗಿ, "ಸರ್, ನೀವು ಲೆಫ್ಟಾ? ಅದು ಆಗಲ್ಲ, ಇದು ತಗೊಳ್ಳಿ" ಎಂದು ಇನ್ನೊಂದನ್ನು ಕೊಟ್ಟಳು. ಅದೇ ಮರ, ಅದೇ ನುಣುಪು. ತುದಿಯ ಓರೆ ಮಾತ್ರ ತಿರುವುಮುರುವು. ಬಾಣಲೆಯ ತಳ ಕೆರೆಯಲೂ, ಬೆಂದದ್ದನ್ನು ತಟ್ಟೆಗೆ ಬಡಿಸಲೂ ಅದೊಂದೇ ಸಾಕಂತೆ. ನಾನು ಕಾಣದ ಯಾವುದೋ ಊರಿನಲ್ಲಿ ಯಾರೋ ಒಬ್ಬ ಮಹಾನುಭಾವ ನನ್ನಂಥವರನ್ನು ನೆನೆದು ಮರ ಕೆತ್ತಿದ್ದಾನೆಂಬ ಆನಂದಕ್ಕೆ ನಾನು ಬೆಲೆಚೀಟಿಯನ್ನೂ ನೋಡಲಿಲ್ಲ. ಸುಮತಿ ನೋಡಿದಳು.

ಹೊರಮಾವಿನ ನಮ್ಮ ಫ್ಲ್ಯಾಟಿನಲ್ಲಿ ಅಂದಿನಿಂದ ಅಧಿಕಾರ ಹಸ್ತಾಂತರವಾಯಿತು. ಸುಮತಿ ಆ ಚಮಚದಲ್ಲಿ ಪಲ್ಯ ಕೆದಕಿದರೆ ಪಲ್ಯ ಒಲೆಗೆ, ಸಾರು ಎತ್ತಿದರೆ ಸಾರು ಕಟ್ಟೆಗೆ. "ರೀ, ಇದೇನ್ ಚಮಚಾನೋ, ಶನಿನೋ!" ಎಂದು ಅವಳು ರೇಗುವಾಗ, ಜೀವಮಾನದಲ್ಲಿ ಮೊದಲ ಸಲ ನನಗಿಂತ ಎಡವಟ್ಟಾದವರನ್ನು ಕಂಡು ನಾನು ಪರಮಾನಂದಪಟ್ಟೆ.

ಅವರೆಕಾಯಿ ಕಾಲ ಬಂತು. ದೊಡ್ಡಮ್ಮನನ್ನು ಹಿತಕಿದಬೇಳೆ ಸಾರಿನ ಊಟಕ್ಕೆ ಕರೆದೆವು. ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ಕನ್ನು ಮನಸಾರೆ ಬೈಯುತ್ತ ಬಂದವಳು ಕೈಕಾಲು ತೊಳೆದು ಮೇಜಿಗೆ ಕೂತಳು. ಮೊದಲ ಸುತ್ತನ್ನು ಸುಮತಿಯೇ ಸ್ಟೀಲ್ ಸೌಟಿನಲ್ಲಿ ಬಡಿಸಿ, ಹಪ್ಪಳ ಕರಿಯಲು ಒಳಗೆ ಹೋದಳು. ಇದೇ ಸಮಯವೆಂದು ನಾನು ಜಪಾನೀ ಚಮಚ ಹಿಡಿದೆ. ಎಡಗೈ ಮುಂದಾಯಿತು, ದೊಡ್ಡಮ್ಮನ ಮುಖ ಕಂಡು ಹಿಂದಾಯಿತು. ಬಲಗೈಯಲ್ಲೇ ಬಡಿಸಿದೆ. ಸಾರು ಅರ್ಧ ಮೇಜಿಗೆ, ಅರ್ಧ ಅವಳ ಸೆರಗಿಗೆ ಬಿತ್ತು. ತಟ್ಟೆಗೆ ಬಿದ್ದದ್ದು ನಾಲ್ಕು ಬೇಳೆ.

"ಕೊಡೋ ಇಲ್ಲಿ, ಹೊಟ್ಟೆ ಹಸೀತಿದೆ" ಎಂದು ದೊಡ್ಡಮ್ಮ ಚಮಚ ಕಿತ್ತುಕೊಂಡಳು. ಬಲಗೈ ಎಂಜಲಾಗಿತ್ತಲ್ಲ, ಹಿಡಿದದ್ದು ಎಡಗೈಯಲ್ಲಿ. ಒಂದು ತೊಟ್ಟೂ ಚೆಲ್ಲದೆ ಸಾರು ಅನ್ನದ ಮೇಲಿಳಿಯಿತು. ಅವಳು ಕೈ ನಿಲ್ಲಿಸಿ ಚಮಚವನ್ನೊಮ್ಮೆ, ತನ್ನ ಕೈಯನ್ನೊಮ್ಮೆ ನೋಡಿದಳು.

"ಇದು ಎಡಗೈಯೋರಿಗೇ ಅಂತ ಮಾಡಿರೋದು ದೊಡ್ಡಮ್ಮ" ಎಂದೆ.

"ಎಂಜಲ ಕೈಯೋರಿಗೆ ಅನ್ನು. ಉಣ್ಣೋಕ್ ಕೂತ್ಮೇಲೆ ಹಾಕ್ಕೊಳ್ಳೋದು ಎಲ್ರೂ ಇದೇ ಕೈಲಲ್ವೇನೋ?" ಎಂದು ಅವಳು ಗಟ್ಟಿಯಾಗಿ ನಕ್ಕಳು. ಇಷ್ಟು ವಯಸ್ಸಾಗಿ, ದಿನಕ್ಕೆರಡು ಹೊತ್ತು ಉಂಡೂ ನನಗಿದು ಹೊಳೆದಿರಲಿಲ್ಲ, ನೋಡಿ. ಕೈ ಎಂಜಲಾದೊಡನೆ ನಾಡಿಗೆ ನಾಡೇ ನನ್ನ ಪಕ್ಷ ಸೇರುತ್ತದೆ.

ದೊಡ್ಡಮ್ಮ ಚಮಚವನ್ನು ನನ್ನತ್ತ ಚಾಚಿದಳು. "ಇನ್ನೊಂಚೂರು ಹಾಕು. ಆ ಕೈ ಬೇಡ, ಮೇಜೇ ಎಲ್ಲಾ ಉಣ್ಣುತ್ತೆ. ನಿನ್ ಕೈಲೇ ಹಾಕು."

ಹಾಕಿದೆ. ಒಂದು ತೊಟ್ಟೂ ಆಚೆ ಬೀಳಲಿಲ್ಲ. ಅವಳು ಬೇಡವೆನ್ನದೆ ಉಂಡಳು.

ಹಪ್ಪಳದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ ಸುಮತಿ, "ಓಹೋ, ಸಾಹೇಬ್ರಿಗೆ ಬಡಿಸೋಕೂ ಬರುತ್ತೆ!" ಎಂದವಳೇ ದೊಡ್ಡಮ್ಮನ ಪಕ್ಕ ಕೂತು ತನ್ನ ಖಾಲಿ ತಟ್ಟೆಯನ್ನು ನನ್ನ ಮುಂದೆ ಸರಿಸಿದಳು. ಅಲ್ಲಿಗೆ ನನ್ನ ವಿನಾಯಿತಿ ರದ್ದಾಯಿತು. ಅನ್ನ ಬಡಿಸಿ, ಪಲ್ಯ ಬಡಿಸಿ, ಮಜ್ಜಿಗೆ ಬಡಿಸಿ ನಾನು ಕೂರುವಷ್ಟರಲ್ಲಿ ಸಾರಿನ ಪಾತ್ರೆಯ ತಳ ಕಾಣುತ್ತಿತ್ತು. ದೊಡ್ಡಮ್ಮ ಇನ್ನೂ ಕೈ ತೊಳೆದಿರಲಿಲ್ಲ. ಚಮಚದ ಓರೆ ಅಂಚಿನಿಂದ ತಳವನ್ನೆಲ್ಲ ಕೆರೆದು, ಉಳಿದ ಅಷ್ಟೂ ಬೇಳೆಯನ್ನು ತಂದು ನನ್ನ ತಟ್ಟೆಗೆ ಬಡಿಸಿದಳು, ಎಡಗೈಯಲ್ಲೇ.