ಕಿಟಕಿಯ ಹೊರಮೈ

ಬಲಗಣ್ಣಿನ ಪೊರೆ ತೆಗೆಸಿಕೊಂಡು ಬಂದ ಮರುದಿನ ಬೆಳಗ್ಗೆ ಜಯಲಕ್ಷ್ಮಮ್ಮನಿಗೆ ಮೊದಲು ಕಂಡದ್ದು ಫ್ಯಾನಿನ ರೆಕ್ಕೆಗೆ ಬೆಕ್ಕಿನ ರೋಮದ ಹಾಗೆ ಅಂಟಿಕೊಂಡಿದ್ದ ಧೂಳು. ಆಮೇಲೆ ಒಂದೊಂದಾಗಿ ಎಲ್ಲ ಕಂಡವು. ಸ್ವಿಚ್ಚುಗಳ ಸುತ್ತ ಕಪ್ಪು, ಟೀವಿಯ ಹಿಂದೆ ಬೂದಿ ಬಣ್ಣದ ಹಾಸು, ಬಾಗಿಲ ಚೌಕಟ್ಟಿನ ಮೇಲೆ ಬೆರಳಿಟ್ಟರೆ ಗುರುತು ಬೀಳುವಷ್ಟು ಪುಡಿ.

"ಯಾವತ್ತಿಂದ ಹೀಗಿದೆ ರೀ?"

ಗಂಡ ಸುಬ್ರಾಯ ಪೇಪರಿನಿಂದ ತಲೆ ಎತ್ತಲಿಲ್ಲ. "ವರ್ಷದ ಮೇಲಾಯ್ತು. ನಿನಗೆ ಕಾಣ್ತಿದೆ ಅಂದ್ಕೊಂಡಿದ್ದೆ."

ಹತ್ತೊಂಬತ್ತಕ್ಕೆ ಮದುವೆಯಾಗಿ ಮಂಡ್ಯದಿಂದ ಬಂದು, ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಮೂವತ್ತೊಂದು ವರ್ಷ ಗುಡಿಸಿದವಳು ಅವಳು. ಬಂದವರು "ಜಯಾ ಮನೇಲಿ ನೆಲದ ಮೇಲೇ ಬಡಿಸಿಕೊಂಡು ಉಣ್ಣಬಹುದು" ಎನ್ನುತ್ತಿದ್ದರು. ಅವಳಿಗೆ ಸಿಕ್ಕಿದ್ದು ಅದೊಂದೇ ಸರ್ಟಿಫಿಕೇಟು. ನಿವೃತ್ತಿಯ ದಿನ ಸುಬ್ರಾಯನಿಗೆ ಹಾರ ಹಾಕಿದರು. ಅವಳಿಗೆ ಒದಗಿದ್ದು ವೇಲಚೇರಿಯಲ್ಲಿ ಮಗನ ಏಳನೇ ಮಹಡಿಯ ಫ್ಲ್ಯಾಟು. ಎದುರಿಗೇ ಈಗ ಇನ್ನೊಂದು ಕಟ್ಟಡ ಏಳುತ್ತಿತ್ತು. ಕಲ್ಲು ಕೊರೆಯುವ ಸದ್ದು ನಿಂತರೂ ಅದರ ಪುಡಿ ನಿಲ್ಲುತ್ತಿರಲಿಲ್ಲ.

ಒಂದು ತಿಂಗಳು ಧೂಳು ಮುಟ್ಟಬಾರದು, ತಲೆ ಬಗ್ಗಿಸಬಾರದು, ಎಡಗಣ್ಣು ಆಮೇಲೆ ಎಂದಿದ್ದರು ಡಾಕ್ಟರು. ಅಲ್ಲಿಯವರೆಗೆ ಒಂದು ಕಣ್ಣಿಗೆ ಲೋಕ ತಿಳಿ, ಇನ್ನೊಂದಕ್ಕೆ ಮಂಜು. ಎರಡೂ ಸೇರಿ ದೂರವನ್ನು ತಪ್ಪು ತಪ್ಪಾಗಿ ಹೇಳುತ್ತಿದ್ದವು. ಮೇಜಿನ ಮೇಲಿಟ್ಟೆ ಅಂದುಕೊಂಡ ಕಾಫಿ ಲೋಟ ನೆಲಕ್ಕೆ ಬಿತ್ತು. ಒರೆಸಿದವಳೂ ಅವಳೇ.

ನವರಾತ್ರಿಯ ಗೊಂಬೆ ನೋಡಲು ಪುರಸೈವಾಕ್ಕಂನಿಂದ ನಾದಿನಿ ವಾಸಂತಿ ಬರುವವಳಿದ್ದಳು. ಚಪ್ಪಲಿ ಬಿಡುತ್ತಲೇ ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸಿ, ಆ ಬೆರಳನ್ನು ಊಟಕ್ಕೆ ಕೂರುವ ತನಕ ಎತ್ತಿ ಹಿಡಿದೇ ಓಡಾಡುವ ಹೆಂಗಸು. ಜಯಲಕ್ಷ್ಮಮ್ಮ ಒಳಗಿನದನ್ನೆಲ್ಲ ಮೂರು ದಿನದಲ್ಲಿ, ಮಗ ಸೊಸೆ ಆಫೀಸಿಗೆ ಹೋದ ಹೊತ್ತು ನೋಡಿ, ಕಳ್ಳಿಯ ಹಾಗೆ ಮುಗಿಸಿದಳು. ಉಳಿದದ್ದು ಹಾಲಿನ ದೊಡ್ಡ ಕಿಟಕಿ. ಕಟ್ಟಡದ ಅಂದ ಕೆಡುತ್ತದೆಂದು ಅಸೋಸಿಯೇಷನ್ನಿನವರು ಗ್ರಿಲ್ ಹಾಕಿಸಲು ಬಿಟ್ಟಿರಲಿಲ್ಲ. ಒಂದು ಗಾಜು ಪಕ್ಕಕ್ಕೆ ಸರಿಯುತ್ತಿತ್ತು, ಇನ್ನೊಂದು ಕದಲದು. ಅದರ ಹೊರಮೈ ಒರೆಸಬೇಕಾದರೆ ಏಸಿ ಪೆಟ್ಟಿಗೆ ಕೂರಿಸಿದ್ದ ಒಂದೂವರೆ ಅಡಿ ಸಿಮೆಂಟಿನ ಚಾಚಿನ ಮೇಲೆ ಇಳಿದು ನಿಲ್ಲಬೇಕು.

"ನಾನ್ ಪೋಗಮಾಟ್ಟೇನ್ಮಾ," ತಾನು ಹೋಗುವುದಿಲ್ಲ ಎಂದು ಕೆಲಸದ ಸೆಲ್ವಿ ಕೈಮುಗಿದಳು. ಹೋದ ವರ್ಷ ಬಿ ಬ್ಲಾಕಿನಲ್ಲಿ ಹೀಗೇ ಗಾಜು ಒರೆಸಲು ಇಳಿದವಳು ಅವಳ ಓರಗಿತ್ತಿ. ಮೇಲೆ ಉಳಿದದ್ದು ಬಕೆಟ್ಟು ಮಾತ್ರ. ಆಮೇಲೆ ಲಿಫ್ಟಿನ ಪಕ್ಕ ನೋಟೀಸು ಅಂಟಿತ್ತು: ಕೆಲಸದವರನ್ನು ಕಿಟಕಿಯಾಚೆ ಇಳಿಸಕೂಡದು. ಮನೆಯ ಹೆಂಗಸರ ಬಗ್ಗೆ ಅದರಲ್ಲಿ ಏನೂ ಬರೆದಿರಲಿಲ್ಲ.

ಸಂಜೆ ನಾಲ್ಕಕ್ಕೆ ಕಡಲ ಗಾಳಿ ಎದ್ದಿತು. ಅವತ್ತು ಮನೆಯಲ್ಲೇ ಇದ್ದ ಸೊಸೆ ಬೃಂದಾ ಕೋಣೆಯ ಬಾಗಿಲು ಹಾಕಿಕೊಂಡು ಆಫೀಸಿನವರೊಡನೆ ಮಾತಾಡುತ್ತಿದ್ದಳು. ಜಯಲಕ್ಷ್ಮಮ್ಮ ನೆರಿಗೆ ಎತ್ತಿ ಸಿಕ್ಕಿಸಿ, ಸ್ಟೂಲು ಹತ್ತಿ, ಒಂದು ಕಾಲು ಆಚೆ ಇಟ್ಟಳು. ಸಿಮೆಂಟು ಅಂದುಕೊಂಡದ್ದಕ್ಕಿಂತ ನಾಲ್ಕು ಬೆರಳು ಕೆಳಗಿತ್ತು. ಇನ್ನೊಂದು ಕಾಲನ್ನೂ ಇಳಿಸಿದಳು. ಎಡಗೈಯಲ್ಲಿ ಚೌಕಟ್ಟು ಹಿಡಿದು ಬಲಗೈಯಲ್ಲಿ ಒರೆಸತೊಡಗಿದಳು. ಕೆಳಗೆ ನೋಡಬಾರದು ಅಂದುಕೊಂಡರೂ ಹೊಸ ಕಣ್ಣು ತಾನಾಗಿ ನೋಡಿತು. ಸ್ಟೇಷನ್ನಿನ ದಾರಿಯಲ್ಲಿ ಹೋಗುವವರು ಕಾಲು ಚಾಚಿದರೆ ತಲೆಗೆ ತಾಗುವಷ್ಟು ಹತ್ತಿರ ಕಂಡರು. ಗಾಳಿ ಸೆರಗು ಹಿಡಿದು ಎಳೆಯಿತು.

ಗಾಜು ತಿಳಿಯಾಗುತ್ತ ಒಳಗೆ ಕೂತಿದ್ದ ಸುಬ್ರಾಯ ಕಾಣಿಸಿದ. ಅವನೂ ಅವಳನ್ನು ಕಂಡ. ಪೇಪರು ಕೆಳಗಿಟ್ಟ. ಈಗ ಕೂಗುತ್ತಾನೆ, ಕೂಗಿದರೆ ನಾನು ಬೆಚ್ಚಿಬೀಳುತ್ತೇನೆ ಎಂದು ಅವಳು ಉಸಿರು ಬಿಗಿಹಿಡಿದಳು. ಅವನು ಕೂಗಲಿಲ್ಲ. ಕೈ ಎತ್ತಿ ಗಾಜಿನ ಮೇಲಿನ ಮೂಲೆಯನ್ನು ತೋರಿಸಿದ. ಅಲ್ಲಿ ಇನ್ನೂ ಇದೆ.

ನಲವತ್ತೈದು ವರ್ಷದ ಅಭ್ಯಾಸ. ಮನಸ್ಸು ಬೇಡ ಎನ್ನುವಷ್ಟರಲ್ಲಿ ಹಿಮ್ಮಡಿ ಮೇಲೆದ್ದಿತ್ತು.

"ಅತ್ತೆ, ಅಲ್ಲಾಡಬೇಡಿ."

ನೀರು ಕುಡಿಯಲು ಬಂದಿದ್ದ ಬೃಂದಾ ಅವಳ ಮಣಿಕಟ್ಟನ್ನು ಹಿಡಿದಿದ್ದಳು. "ಕೆಳಗೆ ನೋಡಬೇಡಿ. ಮೊದಲು ಮೊಣಕಾಲು ಮೇಲಿಡಿ. ಹಾಂ. ನನ್ನ ಭುಜ ಹಿಡ್ಕೊಳ್ಳಿ."

ಒಳಗೆ ಬಂದು ಇಬ್ಬರೂ ನೆಲಕ್ಕೆ ಕುಸಿದರು.

"ಮೂಲೇಲಿ ಇನ್ನೂ ಉಳಿದಿದೆ," ಅಂದ ಸುಬ್ರಾಯ. "ವಾಸಂತಿ ಕಣ್ಣಿಗೆ ಮೊದಲು ಬೀಳೋದೇ ಅದು, ನೋಡ್ತಿರು."

ಬೃಂದಾ ಎದ್ದು ಒದ್ದೆ ಬಟ್ಟೆಯನ್ನು ಅವನತ್ತ ಚಾಚಿದಳು. "ಹಾಗಾದ್ರೆ ನೀವೇ ಒರೆಸಿಬಿಡಿ ಮಾವ. ನಾನು ಸ್ಟೂಲು ಹಿಡ್ಕೋತೀನಿ."

ಸುಬ್ರಾಯ ಕಿಟಕಿಯನ್ನು ನೋಡಿದ, ಸೊಸೆಯನ್ನು ನೋಡಿದ. "ನಾನಾ? ಏನಮ್ಮಾ ನೀನು! ಬಿದ್ದುಗಿದ್ದರೆ?"

ಜಯಲಕ್ಷ್ಮಮ್ಮ ನೆಲದ ಮೇಲಿಂದಲೇ ಅವನ ಮುಖ ನೋಡಿದಳು. ಬಲಗಣ್ಣಿಗೆ ಅದರ ಒಂದೊಂದು ಗೆರೆಯೂ ಕಾಣುತ್ತಿತ್ತು. ಹೆದರಿಕೆ ನಿಜವಾದದ್ದು. ಅಂದರೆ ಏಳನೇ ಮಹಡಿ ಎಷ್ಟು ಎತ್ತರವೆಂದು ಅವನಿಗೆ ಗೊತ್ತಿತ್ತು. ಬೆರಳು ಎತ್ತಿ ತೋರಿಸುವಾಗಲೂ ಗೊತ್ತಿತ್ತು.

ಅವಳು ಎದ್ದು ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಕೈಯೊಡ್ಡಿ ನಿಂತಳು. ಉಗುರಿನ ಸಂದಿಯಿಂದ ಕಪ್ಪು ನೀರು ಇಳಿಯಿತು.

"ಜಯಾ, ಕಾಫಿ."

ನೀರು ಹರಿಯುತ್ತಿತ್ತು.

"ಜಯಾ?"

ಮೂರನೇ ಸಲ ಕರೆಯುವ ಹೊತ್ತಿಗೆ ಅವನ ದನಿಯಲ್ಲಿ ಏನೋ ಅಳುಕು ಸೇರಿತ್ತು. ಅವಳು ನಲ್ಲಿ ನಿಲ್ಲಿಸಲಿಲ್ಲ, ಓಗೊಡಲೂ ಇಲ್ಲ.